ಬೋಟಿನ ಲೆಕ್ಕದಲ್ಲಿ ಕಲಾಸಿಯ ಪಾಲು

(ಹಾಸನದಲ್ಲಿ ನೀಡಿದ ಉಪನ್ಯಾಸದ ಬರಹ ರೂಪ)

ಕಡಲಿಲ್ಲದ ಜಿಲ್ಲೆಯಲ್ಲಿ ಕಡಲ ಮೀನುಗಾರರ ಮಾತೇಕೆ ಎಂದು ನನ್ನನ್ನು ಕರೆದವರೇ ಕೇಳಿದರು. ಸಕಲೇಶಪುರದ ಕಡೆಯವರು ಈ ಪ್ರಶ್ನೆ ಕೇಳಲಾರರು. ರಾತ್ರಿ ಹೊತ್ತು ಶಿರಾಡಿ ಘಾಟಿ ಹತ್ತುವ ಮೀನಿನ ಲಾರಿಯ ಹಿಂದೆ ಸಿಕ್ಕಿಹಾಕಿಕೊಂಡವರಿಗೆ ಅದು ದಾರಿಯುದ್ದಕ್ಕೂ ಸುರಿಸುವ ಐಸಿನ ನೀರಿನ ವಾಸನೆ ಗೊತ್ತು. ಆ ಲಾರಿಗಳು ಇಲ್ಲಿಗೆ ಬಂಗುಡೆ ತರುತ್ತವೆ, ಬೂತಾಯಿ ತರುತ್ತವೆ, ಭಾನುವಾರಕ್ಕೆ ಅಂಜಲ್ ತರುತ್ತವೆ. ಮಳೆಗೆ ಗುಡ್ಡ ಜರಿದು ಘಾಟಿ ಬಂದಾದರೆ ಇಲ್ಲಿ ರೇಟು ಏರುತ್ತದೆ, ನಾವು ಗೊಣಗುತ್ತೇವೆ. ರೇಟಿನ ಮಾತಿಗೆ ನಮ್ಮಲ್ಲಿ ಬರವಿಲ್ಲ. ಆದರೆ ಆ ರೇಟಿನಲ್ಲಿ ಮೀನು ಹಿಡಿದವನ ಕೈಗೆ ಎಷ್ಟು ಹೋಯಿತು, ಯಾವ ಲೆಕ್ಕದಲ್ಲಿ ಹೋಯಿತು ಎಂದು ಕೇಳಿದವರನ್ನು ನಾನು ಕಂಡಿಲ್ಲ. ಇವತ್ತು ಆ ಲೆಕ್ಕವನ್ನೇ ಬಿಡಿಸುತ್ತೇನೆ. ನಾನು ಅರ್ಥಶಾಸ್ತ್ರದ ಮೇಷ್ಟ್ರು. ಲೆಕ್ಕ ಬಿಟ್ಟು ಮಾತಾಡಿದರೆ ನನಗೇ ಧೈರ್ಯ ಸಾಲದು.

ಮೊದಲಿಗೆ, ಮೀನುಗಾರರೆಂದರೆ ಎಲ್ಲರೂ ಒಂದೇ ಅಲ್ಲ. ಮಂಗಳೂರಿನಿಂದ ಕಾರವಾರದವರೆಗಿನ ನಮ್ಮ ಮೂರು ಜಿಲ್ಲೆಗಳ ಕರಾವಳಿಯಲ್ಲಿ ನಾಡದೋಣಿಯವರಿದ್ದಾರೆ. ಅವರು ದಡದ ಹತ್ತಿರವೇ ಬಲೆ ಬೀಸಿ ಅವತ್ತೇ ಮನೆಗೆ ಬರುವವರು, ದೋಣಿ ಅವರದೇ. ಪರ್ಸೀನ್ ಬೋಟಿನವರಿದ್ದಾರೆ: ಒಂದೊಂದು ಬೋಟಿನಲ್ಲಿ ಇಪ್ಪತ್ತು ಇಪ್ಪತ್ತೈದು ಜನ ಹೋಗಿ, ಬಂಗುಡೆ ಬೂತಾಯಿಯ ಹಿಂಡನ್ನು ಸುತ್ತುವರಿದು ಹಿಡಿದು, ಹೆಚ್ಚಾಗಿ ಅವತ್ತೇ ವಾಪಸ್. ಇನ್ನು ಮೂರನೆಯವರು ಆಳಸಮುದ್ರದ ಟ್ರಾಲ್ ಬೋಟಿನವರು. ಏಳೆಂಟು ಹತ್ತು ಜನ, ಹತ್ತು ಹನ್ನೆರಡು ದಿನ ನೀರಿನ ಮೇಲೆ. ನನ್ನ ಮಾತು ಹೆಚ್ಚಾಗಿ ಈ ಮೂರನೆಯವರ ಬಗ್ಗೆ.

ಬೋಟು ಹೇಗಿರುತ್ತದೆ ಎಂದು ನೋಡದವರಿಗಾಗಿ ಹೇಳುತ್ತೇನೆ. ಮುಂದೆ ಒಂದು ಕ್ಯಾಬಿನ್, ಅದರಲ್ಲಿ ಚುಕ್ಕಾಣಿ ಹಿಡಿದು ತಂಡೇಲ. ತಂಡೇಲ ಎಂದರೆ ಬೋಟಿನ ಯಜಮಾನನಲ್ಲ, ಬೋಟು ನಡೆಸುವವನು. ಕ್ಯಾಬಿನ್ನಿನ ಹಿಂದೆ ಮರದ ಅಟ್ಟಣಿಗೆಯಂಥ ಮಲಗುವ ಜಾಗ, ಕೂತರೆ ತಲೆ ತಾಗುತ್ತದೆ. ಕೆಳಗೆ ಎಂಜಿನ್, ಅದರ ಬಿಸಿ ಹಲಗೆಯ ಮೂಲಕ ಬೆನ್ನಿಗೆ ಹತ್ತುತ್ತದೆ. ಹಿಂದೆ ಬಲೆಯ ಹಗ್ಗ ಸುತ್ತುವ ಯಂತ್ರ, ಅಂದರೆ ವಿಂಚ್, ಉಕ್ಕಿನ ಹಗ್ಗ, ಬಲೆ. ಹೊಟ್ಟೆಯಲ್ಲಿ ಐಸು ತುಂಬಿದ ಗೂಡು. ಶೌಚಾಲಯ ಎಷ್ಟೋ ಬೋಟುಗಳಲ್ಲಿ ಇಲ್ಲ. ಬೋಟಿನ ಅಂಚೇ ಶೌಚಾಲಯ. ರಾತ್ರಿ ಅಲೆ ಇರುವಾಗ ಅಂಚಿಗೆ ಹೋಗುವುದು ಎಂದರೇನು ಎಂದು ನೀವೇ ಊಹಿಸಿ. ಸಿಹಿನೀರು ಕುಡಿಯುವುದಕ್ಕೆ, ಅನ್ನ ಬೇಯಿಸುವುದಕ್ಕೆ ಮಾತ್ರ. ಸ್ನಾನ ಉಪ್ಪುನೀರಿನಲ್ಲಿ.

ಬಲೆಯನ್ನು ಕೆಳಗಿಳಿಸಿ ಎರಡು ಮೂರು ಗಂಟೆ ಎಳೆಯುತ್ತಾರೆ, ಮೇಲೆತ್ತುತ್ತಾರೆ, ಸುರಿಯುತ್ತಾರೆ, ಬಲೆ ಮತ್ತೆ ಕೆಳಗಿಳಿಯುತ್ತದೆ. ಸುರಿದದ್ದನ್ನು ಕೂತು ಆರಿಸಬೇಕು: ಬೊಂಡಾಸ್, ಅಂದರೆ ಸ್ಕ್ವಿಡ್, ಒಂದು ಕಡೆ, ರಾಣಿಮೀನು ಒಂದು ಕಡೆ, ಸಿಗಡಿ ಬಂದಿದ್ದರೆ ಅದು ಬೇರೆ, ಉಳಿದ ಕಸಮೀನು ಮೀನಿನ ಹುಡಿಯ ಕಾರ್ಖಾನೆಗೆ. ಆರಿಸಿ, ತೊಳೆದು, ಐಸಿನಲ್ಲಿ ಜೋಡಿಸುವಷ್ಟರಲ್ಲಿ ಮುಂದಿನ ಬಲೆ ಏಳುವ ಹೊತ್ತಾಗಿರುತ್ತದೆ. ಹಗಲೂ ಹೀಗೇ, ರಾತ್ರಿಯೂ ಹೀಗೇ. ನಿದ್ದೆ ಎನ್ನುವುದು ಎರಡು ಬಲೆಗಳ ನಡುವೆ ಸಿಕ್ಕ ಒಂದು ಗಂಟೆ, ಮುಕ್ಕಾಲು ಗಂಟೆ. ಆ ಹುಡುಗರ ಕೈ ನೋಡಬೇಕು ನೀವು. ಉಪ್ಪುನೀರಿಗೂ ಐಸಿಗೂ ಬೆರಳ ಸಂದಿಯ ಚರ್ಮ ಬಿಳಿಚಿ ಸುಲಿದಿರುತ್ತದೆ, ಮೀನಿನ ಮುಳ್ಳು ಚುಚ್ಚಿದ ಕಡೆಯೆಲ್ಲ ಕಪ್ಪು ಚುಕ್ಕೆ. ವಿಂಚಿಗೆ ಸಿಕ್ಕಿ ಬೆರಳು ಕಳೆದುಕೊಂಡವರೂ ಇದ್ದಾರೆ. ಅಂಥವರನ್ನು ವಿಚಾರಿಸಿದರೆ ಹೆಚ್ಚಿನವರು ರಾತ್ರಿಯ ಹೊತ್ತು, ನಿದ್ದೆಗಣ್ಣಿನಲ್ಲಿ ಆದದ್ದು ಎನ್ನುತ್ತಾರೆ.

ಈಗ ಲೆಕ್ಕಕ್ಕೆ ಬರೋಣ. ಕಲಾಸಿಗೆ, ಅಂದರೆ ಬೋಟಿನ ಕೆಲಸಗಾರನಿಗೆ, ತಿಂಗಳ ಸಂಬಳ ಇರುವುದು ಕಡಿಮೆ. ಸಾಮಾನ್ಯವಾಗಿ ನಡೆಯುವುದು ಪಾಲಿನ ಪದ್ಧತಿ, ಅದರ ಜೊತೆಗೆ ದಿನಕ್ಕಿಷ್ಟು ಎಂದು ಸ್ವಲ್ಪ ಭತ್ಯೆ. ಪಾಲಿನ ಪ್ರಮಾಣ ಬಂದರಿನಿಂದ ಬಂದರಿಗೆ, ಬೋಟಿನಿಂದ ಬೋಟಿಗೆ ಬೇರೆ. ನಾನೀಗ ಕೊಡುವ ಅಂಕಿಗಳು ಯಾವ ಬೋಟಿನವೂ ಅಲ್ಲ, ಲೆಕ್ಕ ಅರ್ಥವಾಗಲಿ ಎಂದು ಹಾಕಿಕೊಂಡವು.

ಹತ್ತು ದಿನದ ಒಂದು ಟ್ರಿಪ್. ಧಕ್ಕೆಗೆ, ಅಂದರೆ ಮೀನು ಇಳಿಸುವ ಕಟ್ಟೆಗೆ, ಬಂದು ಏಲಂ ಆದಾಗ 7 ಲಕ್ಷ ರೂಪಾಯಿಯ ಮೀನು ಎಂದಿಟ್ಟುಕೊಳ್ಳಿ. ಕೇಳಿದರೆ ದೊಡ್ಡ ಮೊತ್ತ. ಇದರಲ್ಲಿ ಮೊದಲು ಖರ್ಚು ಕಳೆಯುತ್ತಾರೆ. 4,000 ಲೀಟರ್ ಡೀಸೆಲ್, ಲೀಟರಿಗೆ 85ರಂತೆ 3 ಲಕ್ಷದ 40 ಸಾವಿರ. ಐಸಿಗೆ 30 ಸಾವಿರ. ಅಕ್ಕಿ ಬೇಳೆ ತರಕಾರಿ, ರೇಷನ್ನಿಗೆ 20 ಸಾವಿರ. ಏಲಂ ಹಾಕುವವರ ಕಮಿಷನ್, ಮೀನು ಇಳಿಸುವವರ ಕೂಲಿ ಎಲ್ಲ ಸೇರಿ 40 ಸಾವಿರ. ಒಟ್ಟು 4 ಲಕ್ಷದ 30 ಸಾವಿರ ಹೋಯಿತು. ಉಳಿದದ್ದು 2 ಲಕ್ಷದ 70 ಸಾವಿರ. ಇದರಲ್ಲಿ ಮೂರನೇ ಎರಡು ಭಾಗ ಬೋಟಿನ ಮಾಲೀಕನಿಗೆ, ಮೂರನೇ ಒಂದು ಭಾಗ ಕೆಲಸದವರಿಗೆ ಎನ್ನೋಣ. ಅಂದರೆ ಕೆಲಸದವರಿಗೆ 90 ಸಾವಿರ. ಎಂಟು ಜನ ಇದ್ದಾರೆ, ತಂಡೇಲನಿಗೆ ಎರಡು ಪಾಲು. ಒಟ್ಟು ಒಂಬತ್ತು ಪಾಲು. ಪಾಲಿಗೆ ಹತ್ತು ಸಾವಿರ. ಹತ್ತು ದಿನಕ್ಕೆ ಹತ್ತು ಸಾವಿರ, ದಿನಕ್ಕೆ ಸಾವಿರ. ಪರವಾಗಿಲ್ಲವಲ್ಲ ಎಂದು ನಿಮಗನ್ನಿಸಬಹುದು. ನಮ್ಮ ಕಡೆಯ ಕೂಲಿಗೆ ಹೋಲಿಸಿದರೆ ಪರವಾಗಿಲ್ಲ, ಒಪ್ಪುತ್ತೇನೆ, ದಿನ ಎಂದರೆ ಎಂಟು ಗಂಟೆಯಲ್ಲ ಎನ್ನುವುದನ್ನು ಮರೆತರೆ.

ಈಗ ಇದೇ ಲೆಕ್ಕದಲ್ಲಿ ಒಂದೇ ಒಂದು ಅಂಕಿ ಬದಲಾಯಿಸಿ. ಮೀನು ಅಷ್ಟೇ ಬಿದ್ದಿದೆ, ಆದರೆ ಅವತ್ತು ಹತ್ತಾರು ಬೋಟು ಒಟ್ಟಿಗೆ ಬಂದವು, ಏಲಂನಲ್ಲಿ ರೇಟು ಬಿತ್ತು, 7 ಲಕ್ಷದ ಬದಲು ಐದೂವರೆ ಲಕ್ಷ ಬಂತು. ಖರ್ಚು ಅಷ್ಟೇ. ಉಳಿದದ್ದು 1 ಲಕ್ಷದ 20 ಸಾವಿರ. ಕೆಲಸದವರಿಗೆ 40 ಸಾವಿರ. ಪಾಲಿಗೆ ನಾಲ್ಕು ಸಾವಿರದ ನಾನೂರು ಚಿಲ್ಲರೆ. ಮೀನಿನ ದುಡ್ಡು ಇಳಿದದ್ದು ನೂರಕ್ಕೆ ಇಪ್ಪತ್ತೊಂದು, ಕಲಾಸಿಯ ದುಡ್ಡು ಇಳಿದದ್ದು ನೂರಕ್ಕೆ ಐವತ್ತಾರು. ಅವನು ಎಳೆದ ಬಲೆ ಅಷ್ಟೇ, ನಿದ್ದೆ ಕೆಟ್ಟದ್ದೂ ಅಷ್ಟೇ. ಹಾಗೆಯೇ ಡೀಸೆಲ್ ಲೀಟರಿಗೆ ಹತ್ತು ರೂಪಾಯಿ ಏರಿದರೆ ಮೊದಲಿನ ಹತ್ತು ಸಾವಿರ ಎಂಟೂವರೆ ಸಾವಿರಕ್ಕೆ ಬರುತ್ತದೆ. ಎಂಜಿನ್ ಅವನದಲ್ಲ, ಬೋಟು ಅವನದಲ್ಲ, ಆದರೆ ಡೀಸೆಲ್ ಬಿಲ್ಲಿನಲ್ಲಿ ಮೂರನೇ ಒಂದು ಭಾಗ ಅವನ ಮತ್ತು ಅವನ ಜೊತೆಯವರ ಜೇಬಿನಿಂದ. ಮಾರಾಟ 4 ಲಕ್ಷ 30 ಸಾವಿರಕ್ಕೆ ಬಂದು ನಿಂತರೆ ಪಾಲು ಸೊನ್ನೆ. ಆಗ ಭತ್ಯೆ ಇದ್ದರೆ ಉಂಟು, ಇಲ್ಲದಿದ್ದರೆ ಮುಂದಿನ ಟ್ರಿಪ್ಪಿಗೆ ಸಾಲ.

ನಾನು ಹೇಳಬೇಕೆಂದುಕೊಂಡದ್ದು ಇದೇ. ನಷ್ಟ ಬಂದಾಗ ಈ ಮನುಷ್ಯ ಪಾಲುದಾರ. ಆದರೆ ಎಲ್ಲಿಗೆ ಹೋಗಬೇಕು, ಯಾವಾಗ ವಾಪಸಾಗಬೇಕು, ಮೀನು ಯಾರಿಗೆ ಕೊಡಬೇಕು, ಎಷ್ಟಕ್ಕೆ ಕೊಡಬೇಕು ಎಂದು ತೀರ್ಮಾನಿಸುವಾಗ ಅವನು ಆಳು. ಇನ್ನು ಕಾನೂನು ಬಂದು ಇವನ ಯಜಮಾನ ಯಾರು ಎಂದು ಕೇಳಿದರೆ, ಇಲ್ಲ ಇಲ್ಲ, ಇವರೆಲ್ಲ ಪಾಲಿನವರು, ಇಲ್ಲಿ ಯಜಮಾನರು ಯಾರೂ ಇಲ್ಲ ಎಂಬ ಉತ್ತರ.

ಕರಾವಳಿಯ ಒಂದು ಧಕ್ಕೆಯಲ್ಲಿ ನನಗೆ ಒಡಿಶಾದ ಹುಡುಗನೊಬ್ಬ ಸಿಕ್ಕಿದ್ದ. ಟ್ರಿಪ್ ಮುಗಿಸಿ ಬಂದು ಲೆಕ್ಕ ಆಗಿತ್ತು. ಕೈಯಲ್ಲಿ ಒಂದು ಚೀಟಿ, ಕನ್ನಡದಲ್ಲಿ ಬರೆದದ್ದು. ಅವನಿಗೆ ಕನ್ನಡ ಓದಲು ಬಾರದು. ಅದನ್ನು ಮೊಬೈಲಿನಲ್ಲಿ ಫೋಟೊ ಹಿಡಿದು ಊರಿನಲ್ಲಿದ್ದ ತಮ್ಮನಿಗೆ ಕಳಿಸಿದ್ದ; ತಮ್ಮನಿಗೆ ಕನ್ನಡ ಎಲ್ಲಿಂದ ಬರಬೇಕು! ನನ್ನ ಕೈಗೆ ಕೊಟ್ಟು, ಓದಿ ಸಾರ್ ಎಂದ ಹಿಂದಿಯಲ್ಲಿ. ಓದಿದೆ. ಡೀಸೆಲ್ ಇಷ್ಟು, ಐಸ್ ಇಷ್ಟು, ರೇಷನ್ ಇಷ್ಟು, ಇತರೆ ಹದಿನೆಂಟು ಸಾವಿರ. ಇತರೆ ಅಂದರೆ ಏನು ಎಂದು ಕೇಳಿದ. ನನಗೂ ತಿಳಿಯಲಿಲ್ಲ. ತಂಡೇಲನನ್ನು ಕೇಳಿದರೆ ಅವನು ನಕ್ಕು, ಬಲೆ ರಿಪೇರಿ ಇರಬೇಕು ಎಂದ. ಇರಬೇಕು ಎಂದ, ಇದೆ ಎನ್ನಲಿಲ್ಲ. ಅವನಿಗೂ ಆ ಚೀಟಿ ಬರೆದವರು ಹೇಳಿರಲಿಲ್ಲ. ಬಲೆ ಮಾಲೀಕನದು, ಅದರ ರಿಪೇರಿಯಲ್ಲಿ ಹುಡುಗನ ಪಾಲು ಏಕೆ ಎಂಬ ಪ್ರಶ್ನೆ ಅಲ್ಲಿ ಯಾರಿಗೂ ಹೊಳೆದಂತಿರಲಿಲ್ಲ.

ಪಾಲಿನ ಪದ್ಧತಿಯೇ ಕೆಟ್ಟದ್ದು ಎಂದು ತಿಳಿಯಬೇಡಿ. ಇಲ್ಲಿ ಸ್ವಲ್ಪ ದಾರಿ ಬಿಟ್ಟು ಹೋಗುತ್ತೇನೆ. ಹಳೆಯ ಕಾಲದಲ್ಲಿ ನಮ್ಮ ಕರಾವಳಿಯಲ್ಲಿ ರಂಪಣಿ ಎಂಬ ದೊಡ್ಡ ಬಲೆ ಇತ್ತು. ದಡದಿಂದ ದೋಣಿಯಲ್ಲಿ ಬಲೆ ಒಯ್ದು ಕಡಲಲ್ಲಿ ಅರ್ಧಚಂದ್ರದ ಹಾಗೆ ಬಿಟ್ಟು, ಎರಡೂ ತುದಿಯನ್ನು ದಡದಲ್ಲಿ ನಿಂತು ಊರವರು ಎಳೆಯುವುದು. ಹತ್ತಾರು ಜನ ಸಾಲದು, ಎಷ್ಟೋ ಸಲ ನೂರರ ಹತ್ತಿರ ಜನ ಬೇಕು. ಆ ಬಲೆ ಒಂದೇ ತುಂಡಲ್ಲ; ಎಷ್ಟೋ ತುಂಡುಗಳನ್ನು ಜೋಡಿಸಿ ಮಾಡಿದ್ದು, ತುಂಡು ಒಬ್ಬೊಬ್ಬನದು. ಬಂದ ಮೀನಿನಲ್ಲಿ ಬಲೆಗೆ ಇಷ್ಟು, ದೋಣಿಗೆ ಇಷ್ಟು, ಎಳೆದ ಕೈಗೆ ಇಷ್ಟು. ಪಾಲು ಪಡೆದವನ ಆಸ್ತಿ ಆ ಬಲೆಯಲ್ಲಿ ಹೊಲಿದಿತ್ತು. ಎಪ್ಪತ್ತರ ದಶಕದ ಮಧ್ಯದಲ್ಲಿ ಪರ್ಸೀನ್ ಬಂತು. ದಡಕ್ಕೆ ಬರುವ ಮೊದಲೇ ಬಂಗುಡೆ ಬೂತಾಯಿಯ ಹಿಂಡನ್ನು ಎಂಜಿನ್ ಬೋಟು ಹೋಗಿ ಸುತ್ತುವರಿಯತೊಡಗಿತು. ದಡದವರು ಜಗಳ ಮಾಡಿದರು, ಗೋವಾದಲ್ಲಿ ಇನ್ನೂ ಜೋರಾಗಿ ಮಾಡಿದರು. ಆದರೆ ಕೆಲವೇ ವರ್ಷಗಳಲ್ಲಿ ರಂಪಣಿ ಮೂಲೆ ಸೇರಿತು. ಇವತ್ತು ಕೈರಂಪಣಿ ಎಂದು ಅದರ ಸಣ್ಣ ರೂಪ ಅಲ್ಲಲ್ಲಿ ಉಳಿದಿದೆ. ಕೆಲಸಗಾರನಿಗೆ ಬಲೆಯ ತುಂಡು ಹೋಯಿತು, ಪಾಲಿನ ಪದ್ಧತಿ ಮಾತ್ರ ಉಳಿದುಕೊಂಡಿತು.

ಮಾಲೀಕನ ಕಡೆಯ ಮಾತನ್ನೂ ಹೇಳದಿದ್ದರೆ ಅನ್ಯಾಯ. ಬೋಟು ಕಟ್ಟಿಸುವುದು ಇವತ್ತು ಸಣ್ಣ ಬಂಡವಾಳದ ಕೆಲಸವಲ್ಲ. ಬ್ಯಾಂಕಿನ ಸಾಲ, ಡೀಸೆಲ್ ಬಂಕಿನ ಸಾಲ, ಮೀನು ಕೊಳ್ಳುವವನಿಂದ ಮುಂಗಡವಾಗಿ ತಂದ ಸಾಲ. ಮುಂಗಡ ಕೊಟ್ಟವನು ರೇಟನ್ನು ಒತ್ತಿ ಹಿಡಿಯುತ್ತಾನೆ. ಒಂದೇ ಬೋಟು ಇಟ್ಟುಕೊಂಡು ತಾನೇ ತಂಡೇಲನಾಗಿ ಹೋಗುವ ಮಾಲೀಕನೂ ಇದ್ದಾನೆ; ಅವನಿಗೂ ಕಲಾಸಿಗೂ ಊಟ ಒಂದೇ ಪಾತ್ರೆಯಿಂದ. ಸಾಲದ ಸರಪಳಿ ಮೇಲಿನಿಂದ ಇಳಿಯುತ್ತದೆ. ಮಳೆಗಾಲದ ನಿಷೇಧ ಮುಗಿದು ಆಗಸ್ಟಿನಲ್ಲಿ ಬೋಟು ಇಳಿಯುವ ಮೊದಲು ಕಲಾಸಿಗೆ ಅಡ್ವಾನ್ಸ್ ಕೊಡುತ್ತಾರೆ. ಅದು ತೀರುವವರೆಗೆ ಅವನು ಆ ಬೋಟು ಬಿಡುವಂತಿಲ್ಲ. ಹಾಗೆಯೇ ಅಡ್ವಾನ್ಸ್ ಇಸಿದುಕೊಂಡು ಬೇರೆ ಬೋಟಿಗೆ ಹಾರಿದ ಕಲಾಸಿಗಳ ಕತೆಯನ್ನು ಯಾವ ಮಾಲೀಕನನ್ನು ಕೇಳಿದರೂ ಹೇಳುತ್ತಾನೆ. ನಮ್ಮ ತೋಟದ ಯಜಮಾನರು ತಲೆ ಆಡಿಸುತ್ತಿದ್ದೀರಿ, ನಿಮಗೆ ಗೊತ್ತಿರುವ ಕತೆಯೇ.

ತೋಟದ ಮಾತು ಬಂತಲ್ಲ, ಅದನ್ನೇ ಮುಂದುವರಿಸುತ್ತೇನೆ, ಏಕೆಂದರೆ ಈ ಸಭೆಯಲ್ಲಿ ಕಾಫಿಯ ಸಂಬಂಧವಿಲ್ಲದವರು ಕಡಿಮೆ. 1951ರಲ್ಲಿ ತೋಟ ಕಾರ್ಮಿಕರ ಕಾಯ್ದೆ ಬಂತು. ಈಗ ಅದು ಹೊಸ ಕಾರ್ಮಿಕ ಸಂಹಿತೆಯೊಳಗೆ ಸೇರಿದೆ. ಐದು ಹೆಕ್ಟೇರ್ ಅಥವಾ ಅದಕ್ಕಿಂತ ದೊಡ್ಡ ತೋಟ, ಹದಿನೈದು ಅಥವಾ ಹೆಚ್ಚು ಜನ ಕೆಲಸಗಾರರು ಇದ್ದರೆ ಮನೆ ಕೊಡಬೇಕು, ಔಷಧೋಪಚಾರ ನೋಡಬೇಕು, ಹೆಂಗಸರು ಹೆಚ್ಚಿದ್ದರೆ ಕೂಸು ನೋಡಿಕೊಳ್ಳುವ ವ್ಯವಸ್ಥೆ ಮಾಡಬೇಕು ಎಂದೆಲ್ಲ ಅದು ಹೇಳಿತ್ತು. ಎಷ್ಟು ತೋಟಗಳಲ್ಲಿ ಅದರಂತೆ ನಡೆಯಿತು ಎನ್ನುವುದು ಬೇರೆ ಮಾತು. ಸೋರುವ ಲೈನ್ ಮನೆಗಳನ್ನು ನಾನೂ ನೋಡಿದ್ದೇನೆ, ನೀವೂ ನೋಡಿದ್ದೀರಿ. ಆದರೂ ತೋಟದ ಕೂಲಿಯವಳಿಗೆ ಒಂದು ಕಾಗದದ ಆಸರೆ ಇತ್ತು. ತೋಟದ ಲೆಕ್ಕ ಬರೆಯುವ ರೈಟರು ಹಾಜರಿ ಪುಸ್ತಕವಾದ ಚೆಕ್‌ರೋಲಿನಲ್ಲಿ ಹೆಸರು ಬರೆಯುತ್ತಿದ್ದರು. ನಾನು ಇಲ್ಲಿ ಕೆಲಸ ಮಾಡಿದ್ದೆ ಎಂದು ಹತ್ತು ವರ್ಷ ಬಿಟ್ಟು ಬಂದರೂ ಅವಳು ತೋರಿಸಬಹುದಿತ್ತು. ಬೋಟಿನಲ್ಲಿ ಚೆಕ್‌ರೋಲ್ ಇಲ್ಲ. ಪಿ.ಎಫ್. ಇಲ್ಲ, ಇ.ಎಸ್.ಐ. ಇಲ್ಲ. 1923ರ ಕಾಮಗಾರರ ಪರಿಹಾರ ಕಾಯ್ದೆಯಲ್ಲಿ ಹಡಗಿನ ಸಿಬ್ಬಂದಿಯ ಹೆಸರಿತ್ತು, ಆದರೆ ಪರಿಹಾರ ಕೇಳುವವನು ತಾನು ಪಾಲಿನವನಲ್ಲ, ಕೆಲಸದವನು ಎಂದು ಮೊದಲು ಸಾಬೀತು ಮಾಡಬೇಕು. ಏನು ತೋರಿಸಿ ಮಾಡುತ್ತಾನೆ? ಇತರೆ ಹದಿನೆಂಟು ಸಾವಿರ ಎಂದು ಬರೆದ ಚೀಟಿಯನ್ನೇ?

ಹೆಸರು ಬರೆದಿಡುವುದರಲ್ಲಿ ಏನಿದೆ ಎಂದು ಕೇಳಬಹುದು. ಎರಡು ಘಟನೆ ಹೇಳುತ್ತೇನೆ.

2018ರ ಡಿಸೆಂಬರ್ 13ರಂದು ಸುವರ್ಣ ತ್ರಿಭುಜ ಎಂಬ ಬೋಟು ಮಲ್ಪೆಯಿಂದ ಹೊರಟಿತು. ಏಳು ಜನ: ಇಬ್ಬರು ಉಡುಪಿ ಜಿಲ್ಲೆಯವರು, ಐವರು ಉತ್ತರ ಕನ್ನಡದವರು. ಎರಡು ದಿನಕ್ಕೆ ಸಂಪರ್ಕ ಕಡಿಯಿತು. ಮಲ್ಪೆಯಲ್ಲಿ ಸಾವಿರಾರು ಮೀನುಗಾರರು ಹೆದ್ದಾರಿಗೆ ಇಳಿದರು, ನೌಕಾಪಡೆ ಹುಡುಕಿತು. ಬೋಟಿನ ಅವಶೇಷ ಮಹಾರಾಷ್ಟ್ರದ ಮಾಲ್ವಣದ ಆಚೆ ಕಡಲ ತಳದಲ್ಲಿ ಸಿಕ್ಕಿದ್ದು ಮರು ವರ್ಷ ಮೇ ತಿಂಗಳಲ್ಲಿ. ಆ ಏಳು ಜನ ಸಿಗಲಿಲ್ಲ. ಮನೆಯವರ ಪಾಡು ನೋಡಿ. ಶವ ಇಲ್ಲದಿದ್ದರೆ ಮರಣ ಪ್ರಮಾಣಪತ್ರ ಸುಲಭವಲ್ಲ. ಏಳು ವರ್ಷ ಸುದ್ದಿ ಇಲ್ಲದವನನ್ನು ಸತ್ತನೆಂದು ಭಾವಿಸಬಹುದು ಎಂಬುದು ನಮ್ಮ ಸಾಕ್ಷ್ಯ ಕಾನೂನಿನ ನಿಯಮ. ಸರ್ಕಾರ ವಿಶೇಷ ಆದೇಶ ಮಾಡಿ ಮುಂಚೆಯೇ ಪರಿಹಾರ ಕೊಡಬಹುದು, ಕೊಟ್ಟದ್ದೂ ಉಂಟು. ಅದಕ್ಕೆ ಊರು ಬೀದಿಗಿಳಿಯಬೇಕು, ಶಾಸಕರು ಓಡಾಡಬೇಕು. ಆ ಏಳು ಜನ ಕರಾವಳಿಯವರೇ ಆಗಿದ್ದರಿಂದ ಊರು ಬೀದಿಗಿಳಿಯಿತು.

ಎರಡನೆಯದು 2021ರ ಏಪ್ರಿಲ್ 13ರ ನಸುಕಿನಲ್ಲಿ. ಕೇರಳದ ಬೇಪೂರಿನಿಂದ ಹೊರಟಿದ್ದ ಒಂದು ಬೋಟು ಮಂಗಳೂರಿನಿಂದ ದೂರ ಆಳಸಮುದ್ರದಲ್ಲಿದ್ದಾಗ ಸರಕು ಹಡಗಿಗೆ ಡಿಕ್ಕಿಯಾಗಿ ಮುಳುಗಿತು. ಹದಿನಾಲ್ಕು ಜನರಲ್ಲಿ ಜೀವಂತ ಸಿಕ್ಕವರು ಇಬ್ಬರು. ಬೋಟು ಕೇರಳದ್ದು, ಮುಳುಗಿದ್ದು ಕರ್ನಾಟಕದ ಎದುರು, ಒಳಗಿದ್ದವರು ತಮಿಳುನಾಡಿನವರು, ಪಶ್ಚಿಮ ಬಂಗಾಳದವರು. ಇವರಿಗಾಗಿ ಹೆದ್ದಾರಿಗೆ ಇಳಿಯುವ ಊರು ಮಂಗಳೂರಿನಲ್ಲಿರಲಿಲ್ಲ. ಇವತ್ತು ನಮ್ಮ ಬಂದರುಗಳಲ್ಲೂ ಒಡಿಶಾ, ಜಾರ್ಖಂಡ್, ಆಂಧ್ರ, ತಮಿಳುನಾಡಿನ ಹುಡುಗರೇ ದೊಡ್ಡ ಸಂಖ್ಯೆಯಲ್ಲಿದ್ದಾರೆ. ಕರಾವಳಿಯ ಮೀನುಗಾರ ಸಮುದಾಯಗಳಾದ ಮೊಗವೀರರ, ಖಾರ್ವಿಯರ ಮಕ್ಕಳು ಓದಿ ಮುಂಬೈಗೋ ದುಬೈಗೋ ಹೋದರು. ಹೋದದ್ದು ಒಳ್ಳೆಯದೇ ಆಯಿತು. ಅವರ ಜಾಗಕ್ಕೆ ಬಂದವರನ್ನು ಕೇಳುವವರಿಲ್ಲ.

ಸರ್ಕಾರ ಏನೂ ಮಾಡಿಲ್ಲ ಎನ್ನಲಾರೆ. 2024ರ ಆಗಸ್ಟಿನಲ್ಲಿ ಬೋಟುಗಳಿಗೆ ಟ್ರಾನ್ಸ್‌ಪಾಂಡರ್ ಹಾಕುವ ಯೋಜನೆ ಬಂತು. 364 ಕೋಟಿ ರೂಪಾಯಿ, ದೇಶದ ಕರಾವಳಿಯಲ್ಲಿ ಒಂದು ಲಕ್ಷ ಬೋಟು. ಇಸ್ರೋ ಮಾಡಿದ ಉಪಕರಣ. ಮೊಬೈಲ್ ಸಿಗ್ನಲ್ ಇಲ್ಲದ ಕಡೆಯಿಂದಲೂ ಸಂದೇಶ ಕಳಿಸಬಹುದು, ಚಂಡಮಾರುತದ ಎಚ್ಚರಿಕೆ ಬರುತ್ತದೆ. ಬಹಳ ಒಳ್ಳೆಯ ಕೆಲಸ. ಬೋಟು ಎಲ್ಲಿದೆ ಎಂದು ಅದು ಹೇಳುತ್ತದೆ. ಬೋಟಿನಲ್ಲಿ ಯಾರಿದ್ದಾರೆ ಎಂದು ಹೇಳುವುದಿಲ್ಲ.

ವಿಮೆ ಇದೆ. 2020ರಲ್ಲಿ ಶುರುವಾದ ಪ್ರಧಾನಮಂತ್ರಿ ಮತ್ಸ್ಯ ಸಂಪದಾ ಯೋಜನೆಯಲ್ಲಿ ಅಪಘಾತದಿಂದ ಸತ್ತರೆ, ಪೂರ್ತಿ ಅಂಗವಿಕಲನಾದರೆ 5 ಲಕ್ಷ, ಭಾಗಶಃ ಆದರೆ ಎರಡೂವರೆ ಲಕ್ಷ, ಆಸ್ಪತ್ರೆ ಸೇರಿದರೆ 25 ಸಾವಿರದವರೆಗೆ. ಕಂತನ್ನು ಸರ್ಕಾರವೇ ಕಟ್ಟುತ್ತದೆ. ಆದರೆ ಅದು ಅಪಘಾತ ವಿಮೆ. ಬೋಟಿನಲ್ಲಿ ಎದೆನೋವು ಬಂದು, ದಡ ಮುಟ್ಟಲು ಹದಿನೆಂಟು ಗಂಟೆ ಹಿಡಿದು, ದಾರಿಯಲ್ಲೇ ಹೋದವನು ಅಪಘಾತದ ಲೆಕ್ಕಕ್ಕೆ ಬರುತ್ತಾನೋ ಇಲ್ಲವೋ ಎಂದು ವಾದ ಶುರುವಾಗುತ್ತದೆ. ಅಲ್ಲದೆ ಹೆಸರು ನೋಂದಾಯಿಸಿರಬೇಕು. ಹೊರರಾಜ್ಯದ ಹುಡುಗನ ನೋಂದಣಿ ಎಲ್ಲಿ ಆಗಬೇಕು, ಅವನ ಊರಿನಲ್ಲೋ, ದುಡಿಯುವ ಬಂದರಿನಲ್ಲೋ? ಅವನ ಊರಿನವರು ಅವನು ಅಲ್ಲಿ ಮೀನು ಹಿಡಿಯುವುದಿಲ್ಲವಲ್ಲ ಎನ್ನುತ್ತಾರೆ, ಇಲ್ಲಿಯವರು ಅವನು ಇಲ್ಲಿಯವನಲ್ಲವಲ್ಲ ಎನ್ನುತ್ತಾರೆ.

ಮಳೆಗಾಲದ ನಿಷೇಧಕ್ಕೂ ಇದೇ ಮಾತು. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಪಶ್ಚಿಮ ಕರಾವಳಿಯಲ್ಲಿ ಯಾಂತ್ರಿಕ ಬೋಟು ಇಳಿಯುವಂತಿಲ್ಲ. ಮೀನು ಮೊಟ್ಟೆ ಇಡುವ ಕಾಲ, ನಿಷೇಧ ಬೇಕು, ನನ್ನ ತಕರಾರಿಲ್ಲ. ಆ ಎರಡು ತಿಂಗಳು ಇಲ್ಲಿ ನಮಗೆ ತಾಜಾ ಬಂಗುಡೆ ಸಿಗುವುದು ಕಷ್ಟ, ಒಣಮೀನು ಇದ್ದರೆ ನಡೆದುಹೋಗುತ್ತದೆ. ಮಲೆನಾಡಿನ ಮಳೆಗೆ ಸುಟ್ಟ ಒಣಮೀನು, ಗಂಜಿ ಇದ್ದರೆ ನನಗೆ ಬೇರೇನೂ ಬೇಡ ಎನ್ನುವವರು ಇಲ್ಲೇ ಕೂತಿದ್ದೀರಿ. ಆದರೆ ಬೋಟಿನವನಿಗೆ 61 ದಿನ ಒಲೆ ಉರಿಯಬೇಕು. ಅದಕ್ಕೊಂದು ಉಳಿತಾಯ ಪರಿಹಾರ ಯೋಜನೆ ಇದೆ. ಮೀನುಗಾರ 1,500 ರೂಪಾಯಿ ಕಟ್ಟಬೇಕು, ಕೇಂದ್ರ ಮತ್ತು ರಾಜ್ಯ ಸೇರಿ 3,000 ಹಾಕುತ್ತವೆ, ಒಟ್ಟು 4,500ನ್ನು ಮೂರು ತಿಂಗಳಿಗೆ ಹಂಚಿ ಕೊಡುತ್ತವೆ. ತಿಂಗಳಿಗೆ 1,500. ಅದರಲ್ಲಿ ಮೂರನೇ ಒಂದು ಭಾಗ ಅವನದೇ ದುಡ್ಡು. ಇದನ್ನು ಪರಿಹಾರ ಎನ್ನಬೇಕೋ ಬೇಡವೋ ನಿಮಗೆ ಬಿಟ್ಟೆ. ಇದಕ್ಕೂ ನೋಂದಣಿ ಇರಬೇಕು, ಬಡತನದ ರೇಖೆಯ ಕೆಳಗಿರಬೇಕು. ಹೊರರಾಜ್ಯದವನು ಮೇ ಕೊನೆಗೆ ರೈಲು ಹತ್ತುತ್ತಾನೆ. ಊರಿನಲ್ಲಿ ಎರಡು ತಿಂಗಳ ಸಾಲ ಆಗುತ್ತದೆ, ಅದನ್ನು ತೀರಿಸಲು ಆಗಸ್ಟಿನ ಅಡ್ವಾನ್ಸ್. ಹೀಗೆ ನಿಷೇಧವೇ ಅಡ್ವಾನ್ಸಿಗೆ ದಾರಿ ಮಾಡಿಕೊಡುತ್ತದೆ.

ಪಕ್ಕದ ಕೇರಳದಲ್ಲಿ 1985ರಲ್ಲೇ ಮೀನುಗಾರರ ಕ್ಷೇಮನಿಧಿಗೆ ಕಾಯ್ದೆಯಾಯಿತು. ಅಲ್ಲಿ ಎಲ್ಲ ಸರಿ ಇದೆ ಎಂದಲ್ಲ. ಆದರೆ ನಿಧಿಯೊಂದು ಕಾಯ್ದೆಯ ಮೇಲೆ ನಿಂತಿದ್ದರೆ ಕೇಳುವುದು ಹಕ್ಕಾಗುತ್ತದೆ. ವರ್ಷವರ್ಷದ ಬಜೆಟ್ ನೋಡಿಕೊಂಡು ಕೂರಬೇಕಾಗುವುದಿಲ್ಲ.

ಇಲ್ಲಿಯವರೆಗೆ ಕಡಲಿನ ಮಾತಾಯಿತು. ನಮ್ಮ ಗೊರೂರಿನ ಮಾತು ಆಡದೆ ಹೋದರೆ ನಾನು ಹಾಸನಕ್ಕೆ ಬಂದು ಮಾಡಿದ್ದೇನು? ಅಲ್ಲಿ ಹೇಮಾವತಿ ಅಣೆಕಟ್ಟು ಕಟ್ಟಿ ಮುಗಿದದ್ದು 1979ರಲ್ಲಿ, 37 ಟಿ.ಎಂ.ಸಿ. ನೀರು. ಶೆಟ್ಟಿಹಳ್ಳಿಯ ಮುಳುಗಡೆ ಇಗರ್ಜಿಯ ಫೋಟೊ ತೆಗೆಯಲು ಎಲ್ಲೆಲ್ಲಿಂದಲೋ ಬರುತ್ತಾರೆ. ಆ ಫೋಟೊಗಳ ಅಂಚಿನಲ್ಲಿ ಕೆಲವೊಮ್ಮೆ ಒಂದು ದುಂಡನೆಯ ತೆಪ್ಪ ಇರುತ್ತದೆ, ಅಂದಕ್ಕೆಂದು. ಅದರಲ್ಲಿರುವವರು ಮೀನು ಹಿಡಿಯುವವರು. ಹಿನ್ನೀರಿನ ಬದಿಯಲ್ಲಿ ಪ್ಲಾಸ್ಟಿಕ್ ಹೊದಿಸಿದ ಗುಡಾರ ಹಾಕಿಕೊಂಡು, ಎಷ್ಟೋ ಕಡೆ ಗಂಡ ಹೆಂಡತಿ ಇಬ್ಬರೇ ತೆಪ್ಪದಲ್ಲಿ: ಒಬ್ಬರು ಹುಟ್ಟು ಹಾಕುವುದು, ಇನ್ನೊಬ್ಬರು ಬಲೆ ಎಳೆಯುವುದು. ಸಂಜೆ ಬಲೆ ಬಿಟ್ಟು ಬಂದು ನಸುಕಿಗೆ ಬಿಡಿಸುತ್ತಾರೆ. ಕಟ್ಲಾ, ರೋಹು ಬಿದ್ದರೆ ಅದೃಷ್ಟ, ಜಿಲೇಬಿ ಮೀನು, ಅಂದರೆ ತಿಲಾಪಿಯಾ, ಬಿದ್ದರೆ ದಿನದ ಖರ್ಚು. ಮುಳುಗಿದ ಮರಗಳ ಬೊಡ್ಡೆಗೆ ಬಲೆ ಸಿಕ್ಕಿ ಹರಿದರೆ ಅವತ್ತಿನ ಸಂಪಾದನೆ ಬಲೆಗೇ.

ಇಲ್ಲೂ ಲೆಕ್ಕ ಅದೇ. ಬಲೆ, ತೆಪ್ಪಕ್ಕೆ ಮುಂಗಡ ಕೊಟ್ಟವನಿಗೇ ಮೀನು ಕೊಡಬೇಕು, ಅವನು ಹೇಳಿದ ರೇಟಿಗೆ. ಪೇಟೆಯಲ್ಲಿ ರೇಟು ಏರಿದರೂ ದಡದಲ್ಲಿ ಏರುವುದಿಲ್ಲ. ಲಕ್ಕವಳ್ಳಿಯ ಭದ್ರಾ ಹಿನ್ನೀರಿನ ಕಡೆ ಹೋದರೂ ಹೆಚ್ಚು ವ್ಯತ್ಯಾಸ ಕಾಣಲಿಲ್ಲ. ತೆಪ್ಪ ಮಗುಚಿದರೆ ಬರುವುದಕ್ಕೆ ಇಲ್ಲಿ ಕೋಸ್ಟ್ ಗಾರ್ಡ್ ಇಲ್ಲ. ಲೈಫ್ ಜಾಕೆಟ್ ಹಾಕಿಕೊಂಡ ತೆಪ್ಪದವರನ್ನು ನಾನಂತೂ ನೋಡಿಲ್ಲ. ಪ್ರವಾಸಿಗರಿಗೆ ಕಡ್ಡಾಯ.

ಏನು ಮಾಡಬೇಕು ಎಂಬುದಕ್ಕೆ ಬರುತ್ತೇನೆ. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 2007ರಲ್ಲಿ ಮೀನುಗಾರಿಕೆಯ ಕೆಲಸದ ಬಗ್ಗೆಯೇ ಒಂದು ಒಪ್ಪಂದ ಮಾಡಿತು, ಸಂಖ್ಯೆ 188. ಜಾರಿಗೆ ಬಂದದ್ದು 2017ರ ನವೆಂಬರಿನಲ್ಲಿ. ಅದರಲ್ಲಿ ಇರುವುದು ಆಕಾಶದ ಮಾತಲ್ಲ. ಕೆಲಸಗಾರನ ಜೊತೆ ಬರವಣಿಗೆಯಲ್ಲಿ ಕರಾರು ಇರಬೇಕು, ಪಾಲಿನ ಲೆಕ್ಕ ಹೇಗೆ ಎಂಬುದೂ ಅದರಲ್ಲಿ ಇರಬೇಕು. ಬೋಟಿನಲ್ಲಿ ಇರುವವರ ಪಟ್ಟಿ ಹೊರಡುವ ಮೊದಲು ಅಥವಾ ಹೊರಟ ಕೂಡಲೇ ದಡದಲ್ಲಿ ಇರಬೇಕು. ಮೂರು ದಿನಕ್ಕಿಂತ ಹೆಚ್ಚು ಕಡಲಲ್ಲಿರುವ ಬೋಟಿನಲ್ಲಿ ದಿನಕ್ಕೆ ಹತ್ತು ಗಂಟೆ, ವಾರಕ್ಕೆ 77 ಗಂಟೆ ವಿಶ್ರಾಂತಿ ಸಿಗಬೇಕು. ಭಾರತ ಇದನ್ನು ಅಂಗೀಕರಿಸಿಲ್ಲ. ಏಷ್ಯಾದಲ್ಲಿ ಮೊದಲು ಅಂಗೀಕರಿಸಿದ್ದು ಥಾಯ್ಲೆಂಡ್, 2019ರಲ್ಲಿ. ಅವರಿಗೇನು ಏಕಾಏಕಿ ಕರುಣೆ ಉಕ್ಕಲಿಲ್ಲ. 2015ರಲ್ಲಿ ಯುರೋಪಿನವರು ಅವರ ಮೀನುಗಾರಿಕೆಗೆ ಹಳದಿ ಕಾರ್ಡ್ ತೋರಿಸಿದರು, ಸರಿ ಮಾಡದಿದ್ದರೆ ನಿಮ್ಮ ಮೀನು ಕೊಳ್ಳುವುದಿಲ್ಲ ಎಂದು. ನಮ್ಮ ಬಂದರಿನ ಬೊಂಡಾಸ್ ಕೂಡ ಯುರೋಪಿಗೆ ಹೋಗುತ್ತದೆ. ಹೊರಗಿನವರು ಕೇಳುವ ಮೊದಲು ನಾವೇ ಕೇಳಿಕೊಳ್ಳುವುದು ಮರ್ಯಾದೆ.

ಹತ್ತು ಗಂಟೆ ವಿಶ್ರಾಂತಿಯನ್ನು ನಾಳೆಯೇ ಜಾರಿಗೆ ತನ್ನಿ ಎಂದರೆ ಎಲ್ಲರೂ ನಗುತ್ತಾರೆ. ಅದಕ್ಕೆ ಬೋಟಿಗೆ ಇನ್ನಿಬ್ಬರು ಬೇಕು, ಅವರಿಗೆ ಮಲಗುವ ಜಾಗ ಬೇಕು, ಪಾಲು ಇನ್ನಷ್ಟು ಸಣ್ಣದಾಗುತ್ತದೆ. ಕಲಾಸಿಗಳೇ ಬೇಡ ಎಂದಾರು. ಆದರೆ ಪಟ್ಟಿ ಮತ್ತು ಚೀಟಿ ನಾಳೆಯೇ ಆಗಬಹುದು. ಬೋಟುಗಳಿಗೆ ರಾಜ್ಯ ಸರ್ಕಾರ ಕರರಹಿತ ಡೀಸೆಲ್ ಕೊಡುತ್ತದೆ. ಬೋಟಿನ ನೋಂದಣಿ ನೋಡಿ, ಇಂತಿಷ್ಟು ಲೀಟರ್ ಎಂದು ಲೆಕ್ಕವಿಟ್ಟು ಕೊಡುತ್ತದೆ. ಅದು ನೀವು ನಾನು ಕಟ್ಟಿದ ತೆರಿಗೆಯ ದುಡ್ಡು. ಆ ಡೀಸೆಲ್ ಪಡೆಯುವಾಗ ಈ ಟ್ರಿಪ್ಪಿಗೆ ಹೋಗುವವರ ಹೆಸರು, ಊರು, ಮನೆಯವರ ಫೋನ್ ನಂಬರ್ ಕೊಡಬೇಕು ಎಂದು ಒಂದು ಷರತ್ತು ಹಾಕಲಿ. ಹಿಂದಿನ ಟ್ರಿಪ್ಪಿನ ಲೆಕ್ಕದ ಚೀಟಿಯ ಪ್ರತಿ, ಕೆಲಸಗಾರರು ಓದಬಲ್ಲ ಭಾಷೆಯಲ್ಲಿ, ಜೊತೆಗಿರಲಿ. ಪಟ್ಟಿಯಲ್ಲಿ ಹೆಸರಿದ್ದವನಿಗೆ ಯಾವ ರಾಜ್ಯದವನಾದರೂ ವಿಮೆ ತಾನಾಗಿ ಸಿಗಲಿ.

ಮಾತು ಮುಗಿದ ಮೇಲೆ ಸಭೆಯಲ್ಲಿದ್ದ ಹಿರಿಯರೊಬ್ಬರು ಕೇಳಿದ ಪ್ರಶ್ನೆಯನ್ನು ಇಲ್ಲಿ ಸೇರಿಸುತ್ತಿದ್ದೇನೆ. ಟ್ರಿಪ್ಪಿನಿಂದ ಟ್ರಿಪ್ಪಿಗೆ ಜನ ಬದಲಾಗುತ್ತಾರೆ, ದಿನಾ ಹೆಸರು ಬರೆಯುತ್ತಾ ಕೂತರೆ ಬೋಟು ಹೊರಡುವುದು ಯಾವಾಗ ಎಂದು ಅವರು ಕೇಳಿದರು. ಅವರದು ಬಾಳ್ಳುಪೇಟೆ ಕಡೆ ತೋಟ. ಕಾಫಿ ಕುಯ್ಲಿನ ಹೊತ್ತಿಗೆ ನಿಮ್ಮಲ್ಲಿ ದಿನಕ್ಕೆ ಎಷ್ಟು ಜನ ಬರುತ್ತಾರೆ ಎಂದು ಕೇಳಿದೆ. ನೂರಿಪ್ಪತ್ತರವರೆಗೆ ಎಂದರು, ದಿನಾ ಬೇರೆ ಬೇರೆ ಜನ. ಹೆಸರು ಬರೆದು, ಯಾರು ಎಷ್ಟು ಕಿಲೋ ಕುಯ್ದರು ಎಂದು ಹಾಕುವುದಕ್ಕೆ ರೈಟರಿಗೆ ಎಷ್ಟು ಹೊತ್ತು ಹಿಡಿಯುತ್ತದೆ ಎಂದೆ. ತೂಕ ಸೇರಿ ಒಂದು ಗಂಟೆ ಎಂದರು. ಬೋಟಿನಲ್ಲಿರುವುದು ಎಂಟು ಜನ.